ಏಳನೇ ನಂಬರಿನ ನಳಿಗೆ ಸವೆದದ್ದು ಹೇಗೆ

ಈ ಕೆಲಸಕ್ಕೆ ಹೊಸದಾಗಿ ಸೇರುವವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: ರೈಫಲ್ಲಿನ ನಳಿಗೆ, ಎಂದರೆ ಬ್ಯಾರಲ್, ಎಷ್ಟು ಗುಂಡು ಹಾರುವ ತನಕ ಬಾಳುತ್ತದೆ?

ಮುಂಬಯಿಯ ಉಪನಗರವೊಂದರ ಶೂಟಿಂಗ್ ಕ್ಲಬ್ಬಿನಲ್ಲಿ ನಾನು ಮೂವತ್ತೊಂದು ವರ್ಷ ಆರ್ಮರರ್ ಆಗಿದ್ದೆ. ಆರ್ಮರರ್ ಎಂದರೆ ಬಂದೂಕುಗಳನ್ನು ಕಾಯುವ, ಶುಚಿ ಮಾಡುವ, ಬಿಚ್ಚಿ ಜೋಡಿಸುವ ಮನುಷ್ಯ. ಮೂವತ್ತು ವರ್ಷ ಆ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟೆ. ತಪ್ಪು ಎಂದು ಗೊತ್ತಾದದ್ದು ಕೊನೆಯ ವರ್ಷ, ಒಂದು ಮಧ್ಯಾಹ್ನ, ಇನ್ನೊಬ್ಬರ ಮೊಬೈಲಿನ ಪರದೆಯಲ್ಲಿ. ಅಷ್ಟರಲ್ಲಿ ಆ ತಪ್ಪಿನ ಭಾರವನ್ನು ಒಬ್ಬ ಹುಡುಗಿ ತನ್ನ ಬಲಗೈಯಲ್ಲಿ ಹೊತ್ತುಕೊಂಡು ಆರು ವರ್ಷ ತಿರುಗಿದ್ದಳು.

ಇದನ್ನು ಬರೆಯಲು ಹೇಳಿದವಳೂ ಅವಳೇ.

ಓದುವ ಮುನ್ನ ಒಂದು ಮಾತು. ನನ್ನ ನೆನಪನ್ನು ಪೂರ್ತಿ ನಂಬಬೇಡಿ. ನಾನು ಜೀವನವಿಡೀ ಪಾಲಿಶ್ ಹಾಕಿದವನು, ನೆನಪಿಗೂ ಹಾಕಿರುತ್ತೇನೆ. ಹೊಳೆಯುವ ಕಡೆಯಲ್ಲೆಲ್ಲ ನಿಂತು ಕೆದಕುತ್ತೇನೆ, ನೀವೂ ಕೆದಕಿ.

*

ನನ್ನನ್ನು ಕೆಲಸಕ್ಕೆ ಹಚ್ಚಿದವರು ಜಾಧವ ಕಾಕಾ. ನಿಪ್ಪಾಣಿ ಕಡೆಯವರು. ಪೊಲೀಸ್ ಶಸ್ತ್ರಾಗಾರದಲ್ಲಿ ದುಡಿದು ನಿವೃತ್ತರಾಗಿ ಕ್ಲಬ್ಬಿಗೆ ಬಂದಿದ್ದರು. ನಾನು ಆಗ ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಲೇತ್ ಯಂತ್ರ ಬಲ್ಲವನೊಬ್ಬ ಬೇಕು, ಕನ್ನಡದವನಾದರೆ ಬೈಯಲು ಸಲೀಸು ಎಂದು ಕರೆಸಿಕೊಂಡರು. ಹಾಗೆಂದು ಅವರೇ ಹೇಳಿದ್ದು.

ಸಂಜೆ ಐದಕ್ಕೆ ಶೂಟಿಂಗ್ ನಿಲ್ಲುತ್ತಿತ್ತು. ಕ್ಲಬ್ಬಿನ ಹದಿನಾರು ಪಾಯಿಂಟ್ ಟೂ-ಟೂ ರೈಫಲ್‌ಗಳು, ಎಂದರೆ ಸಣ್ಣ ಸೀಸದ ಗುಂಡಿನವು, ಬಾಯಿ ಮೇಲೆ ಮಾಡಿ ರ‍್ಯಾಕಿನಲ್ಲಿ ಸಾಲಾಗಿ ನಿಲ್ಲುತ್ತಿದ್ದವು. ಬಾಯಿ ಸರಿಯಾಗಿ ನನ್ನ ಎದೆಮಟ್ಟಕ್ಕೆ. ಉಕ್ಕಿನ ಸರಳಿನ ತುದಿಗೆ ಚಿಂದಿ ಬಟ್ಟೆ ಸಿಕ್ಕಿಸಿ ಬಾಯಿಯಿಂದ ಒಳಗೆ ತಳ್ಳುವುದು, ಎಳೆಯುವುದು. ಕಪ್ಪು ಬಂದರೆ ಹೊಸ ಚಿಂದಿ. ಮತ್ತೆ ತಳ್ಳು, ಮತ್ತೆ ಎಳೆ. ರೈಫಲ್ಲನ್ನು ಮೇಜಿನ ಮೇಲೆ ಮಲಗಿಸಿ ಹಿಂಬದಿಯಿಂದ ಸರಳು ಹಾಕಬಹುದಿತ್ತು, ಆದರೆ ಹದಿನಾರನ್ನೂ ಎತ್ತಿ ಇಳಿಸುವುದು ಯಾರು? ನಿಂತಲ್ಲೇ ಮಾಡಿದರೆ ಏಳು ಗಂಟೆಯ ಲೋಕಲ್ ರೈಲು ಸಿಗುತ್ತಿತ್ತು.

"ಏ ಬಸ್ಯಾ, ಚಿಂದಿ ಹಾಲಿನಂಗ ಬರಬೇಕಲೇ."

"ಹತ್ತು ಸಲ ಎಳದೀನ್ರಿ ಕಾಕಾ."

"ಹನ್ನೊಂದನೇದು ನಿಮ್ಮಪ್ಪ ಬಂದು ಎಳೀತಾನೇನ?"

ಹನ್ನೊಂದನೆಯದನ್ನೂ ನಾನೇ ಎಳೆದೆ. ಬೆಳ್ಳಗೆ ಬಂತು. ಕಾಕಾ ಅದನ್ನು ಬೆಳಕಿಗೆ ಹಿಡಿದು, ಮೂಸಿ, ನನ್ನ ಅಂಗಿಯ ಕಿಸೆಗೆ ತುರುಕಿದರು. "ಇದು ನಿನ್ನ ಸರ್ಟಿಫಿಕೇಟು." ಆ ಚಿಂದಿಯನ್ನು ನಾನು ಬಹಳ ದಿನ ಇಟ್ಟುಕೊಂಡಿದ್ದೆ.

ಕೆದಕುತ್ತೇನೆ: ಇಟ್ಟುಕೊಂಡಿದ್ದೆನೋ ಇಲ್ಲವೋ ಗೊತ್ತಿಲ್ಲ. ಕಿಸೆಗೆ ತುರುಕಿದ್ದು ಮಾತ್ರ ಖಂಡಿತ.

ಆಯುಧಪೂಜೆಯ ಖಂಡೇನವಮಿ ಬಂತೆಂದರೆ ಇನ್ನೂ ಜೋರು. ಹಿತ್ತಾಳೆ ಪಾತ್ರೆಗೆ ಹಚ್ಚುವ ಪಾಲಿಶನ್ನು ಚಿಂದಿಗೆ ಸವರಿ ಪ್ರತಿ ನಳಿಗೆಯ ಒಳಗೂ ತಿಕ್ಕುತ್ತಿದ್ದೆವು. ಪಾಲಿಶಿನಲ್ಲಿ ಇರುವುದು ನುಣ್ಣನೆಯ ಮರಳೇ. ಅದು ಗೊತ್ತಿದ್ದೂ ತಿಕ್ಕಿದೆವು. ಪೂಜೆಗೆ ಸಾಲಾಗಿ ಮಲಗಿಸಿ, ಕುಂಕುಮ ಹಚ್ಚಿ, ಚೆಂಡುಹೂವು ಇಟ್ಟರೆ ಹದಿನಾರು ಕನ್ನಡಿಗಳು. ಹದಿನೇಳನೆಯದೊಂದು ಇತ್ತು, ಸೊರಾಬ್ ವಕೀಲರ ಸ್ವಂತ ರೈಫಲ್. ಅವರು ವಾರಕ್ಕೆ ನಾಲ್ಕು ದಿನ ಬಂದು ಶೂಟ್ ಮಾಡುವ ಪಾರ್ಸಿ ಗೃಹಸ್ಥರು. ಶುಚಿ ಮಾಡುವುದೆಂದರೆ ಅವರಿಗೆ ಆಗದು. ಮನಸ್ಸು ಬಂದಾಗ ಹಿಂಬದಿಯಿಂದ ಒಂದು ಎಣ್ಣೆ ಬಟ್ಟೆ ಎಳೆದು ಪೆಟ್ಟಿಗೆ ಮುಚ್ಚುತ್ತಿದ್ದರು. ಶುಚಿ ಮಾಡಲು ನಮ್ಮ ಕೈಗೂ ಕೊಡುತ್ತಿರಲಿಲ್ಲ.

"ಈ ಹೊಲಸನ್ನ ದೇವರ ಮುಂದ ಇಡಬ್ಯಾಡ," ಎಂದು ಕಾಕಾ ಅದನ್ನು ಪೂಜೆಯ ಸಾಲಿನಿಂದ ಎತ್ತಿ ಬಾಗಿಲ ಹಿಂದೆ ಇಡಿಸುತ್ತಿದ್ದರು. ನಾನೇ ಇಟ್ಟಿದ್ದೇನೆ.

*

ನಳಿಗೆ ಹಾಳಾಗುವ ಬೇರೆ ದಾರಿಗಳನ್ನೂ ನೋಡಿದ್ದೇನೆ. ಅವನ್ನು ಹೇಳದೆ ಮುಂದೆ ಹೋದರೆ ಹೊಸಬರಿಗೆ ಮೋಸ ಮಾಡಿದಂತೆ.

ಒಬ್ಬ ಸದಸ್ಯರು ಮಳೆಗಾಲದ ಮೊದಲ ವಾರ ತಮ್ಮ ಹೊಸ ರೈಫಲ್ಲನ್ನು ಸ್ಪಂಜು ಹಾಸಿದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಗಣಪತಿ ಹಬ್ಬ ಮುಗಿದ ಮೇಲೆ ಕ್ಲಬ್ಬಿಗೆ ತಂದು ತೆರೆದರು. ಮುಂಬಯಿಯ ಗಾಳಿಯಲ್ಲಿದ್ದ ನೀರನ್ನೆಲ್ಲ ಸ್ಪಂಜು ಕುಡಿದು ಉಕ್ಕಿಗೆ ಕುಡಿಸಿತ್ತು. ನಳಿಗೆಯೊಳಗಿಂದ ಇಟ್ಟಿಗೆ ಪುಡಿಯಂಥದ್ದು ಉದುರಿತು. ಅವರು ಬಾಯಿಗೆ ಕೈ ಅಡ್ಡ ಹಿಡಿದು ನಿಂತರು, ಮನೆಯಲ್ಲಿ ಸಾವಾದವರ ಹಾಗೆ. ಒಂದು ಹನಿ ಎಣ್ಣೆ, ಸ್ಪಂಜಿಲ್ಲದ ಕಪಾಟು, ಅದರಲ್ಲಿ ತೇವ ಆರಿಸಲು ಒಂದು ಸಣ್ಣ ಬಲ್ಬು. ಅಷ್ಟಿದ್ದರೆ ಆ ನಳಿಗೆ ಅವರಿಗಿಂತ ಹೆಚ್ಚು ಬಾಳುತ್ತಿತ್ತು.

ಇನ್ನೊಬ್ಬರದು ದೊಡ್ಡ ಗುಂಡಿನ ರೈಫಲ್. ಅತಿಥಿಗಳ ಮುಂದೆ ಬಿಡುವಿಲ್ಲದೆ ಹೊಡೆದರು. ನಾನು ನಳಿಗೆ ಮುಟ್ಟಿ ಕೈ ಹಿಂದೆಗೆದುಕೊಂಡೆ, ರೊಟ್ಟಿ ಹಂಚಿನಷ್ಟು ಕಾದಿತ್ತು. "ಸಾಹೇಬರ, ಆರಲಿ," ಎಂದೆ. ಅವರು ನಕ್ಕು ಇನ್ನೈದು ಹೊಡೆದರು. ದೊಡ್ಡ ತೋಟಾದಲ್ಲಿ ಮದ್ದು ಹೆಚ್ಚು. ಆ ಬೆಂಕಿ ಮೊದಲು ತಿನ್ನುವುದು ತೋಟಾ ಕೂರುವ ಜಾಗದ ಮುಂದಿನ ಒಂದೆರಡು ಬೆರಳಗಲವನ್ನು. ಬಿಸಿ ಇದ್ದಾಗ ಹೊಡೆದಷ್ಟೂ ಬೇಗ ತಿನ್ನುತ್ತದೆ. ಬೇಸಿಗೆಯ ಕೆರೆಯ ತಳದ ಹಾಗೆ ಉಕ್ಕು ಬಿರಿಯುತ್ತದೆ, ಆಮೇಲೆ ಯಾವ ದೇವರೂ ಕೂಡಿಸಲಾರ. ಮುಟ್ಟಿದ ಕೈಯನ್ನು ಇಟ್ಟುಕೊಳ್ಳಲಾಗದಿದ್ದರೆ ಶೂಟಿಂಗ್ ನಿಲ್ಲಿಸಿ. ಎದುರಿಗೆ ಯಾವ ಸಾಹೇಬರಿದ್ದರೂ ನಿಲ್ಲಿಸಿ.

ಆದರೆ ಟೂ-ಟೂ ರೈಫಲ್ಲಿಗೆ ಆ ಬಾಧೆ ಇಲ್ಲ. ಮದ್ದು ಚಿಟಿಕೆಯಷ್ಟು, ಗುಂಡು ಮೆತ್ತನೆಯ ಸೀಸ. ತುಕ್ಕು ಹಿಡಿಯದ ಹಾಗೆ ಇಟ್ಟರೆ ಆ ನಳಿಗೆ ಆರ್ಮರರ್‌ನ ಇಡೀ ಸರ್ವಿಸಿಗಿಂತ ಹೆಚ್ಚು ದಿನ ಇರುತ್ತದೆ. ಹೊಸಬರ ಆ ಪ್ರಶ್ನೆಗೆ ಉತ್ತರವೆಂದು ಇದನ್ನು ನಾನು ಹತ್ತಾರು ಹುಡುಗ ಹುಡುಗಿಯರಿಗೆ ಹೇಳಿಕೊಟ್ಟೆ. ನಮ್ಮ ಹದಿನಾರೂ ಚೆನ್ನಾಗಿಯೇ ಇರಬೇಕು ಎಂದು ನಂಬಿದ್ದು ಇದರಿಂದಲೇ.

*

ಅಕ್ಷತಾ ಕ್ಲಬ್ಬಿಗೆ ಬಂದಾಗ ಹತ್ತನೇ ಕ್ಲಾಸು ಮುಗಿಸಿದ್ದಳು. ತಂದೆ ಕರುಣಾಕರ ಶೆಟ್ಟರು ಘಾಟ್ಕೋಪರ್‌ನ ಒಂದು ಉಡುಪಿ ಹೋಟೆಲಿನಲ್ಲಿ ಕ್ಯಾಪ್ಟನ್, ಎಂದರೆ ವೇಟರುಗಳ ಮೇಲ್ವಿಚಾರಕರು. ಸ್ವಂತ ರೈಫಲ್ ಕೊಳ್ಳುವ ಮಾತೇ ಇರಲಿಲ್ಲ. ಕ್ಲಬ್ಬಿನ ಏಳನೇ ನಂಬರು ಅವಳ ಕೈಗೆ ಹೊಂದಿತು.

ಅವಳ ಕೈ ಹೇಗಿತ್ತೆಂದರೆ, ನಳಿಗೆಯ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು, ಗುಂಡಿಲ್ಲದೆ ಟ್ರಿಗರ್ ಎಳೆಯಲು ಹೇಳುತ್ತಿದ್ದೆವು, ನಾಣ್ಯ ಅಲ್ಲಾಡುತ್ತಿರಲಿಲ್ಲ. ಐದು ಗುಂಡು ಹೊಡೆದರೆ ಕಾಗದದಲ್ಲಿ ಒಂದೇ ತೂತು, ಅಂಚು ಸ್ವಲ್ಪ ಹರಿದದ್ದು. ಜಾಧವ ಕಾಕಾ ಆ ಹೊತ್ತಿಗೆ ತೀರಿಕೊಂಡಿದ್ದರು. ಇದ್ದಿದ್ದರೆ ಅವಳ ಕಾಗದಕ್ಕೂ ಕುಂಕುಮ ಹಚ್ಚುತ್ತಿದ್ದರು.

ಹಾಗಾಗಿ ಏಳನೇ ನಂಬರಿಗೆ ವಿಶೇಷ ಸೇವೆ. ಉಳಿದವಕ್ಕೆ ಹತ್ತು ಚಿಂದಿಯಾದರೆ ಅದಕ್ಕೆ ಇಪ್ಪತ್ತು. ಪಂದ್ಯದ ಹಿಂದಿನ ದಿನ ಪಾಲಿಶು. "ನಿನ್ನ ಗನ್ನಿನ್ಯಾಗ ಮುಖ ನೋಡ್ಕೊಂಡು ಪೌಡರ್ ಹಚ್ಕೋಬಹುದವ್ವಾ," ಎನ್ನುತ್ತಿದ್ದೆ. ಅವಳು ನಗುತ್ತಿದ್ದಳು. ಮನೆಯಲ್ಲಿ ತುಳು, ಹೊರಗೆ ಹಿಂದಿ, ಅವಳ ಕನ್ನಡ ತಡವರಿಸುತ್ತಿತ್ತು. "ಅಂಕಲ್, ಇಷ್ಟು ಮತ್ ತಿಕ್ಕಿ ನಾ," ಎಂದು ಒಮ್ಮೆ ಹೇಳಿದ್ದಳು, ಇಷ್ಟು ತಿಕ್ಕಬೇಡಿ ಎಂದು. ತಮಾಷೆಗೆ ಹೇಳಿದಳೆಂದು ನನ್ನ ನೆನಪು. ಈಗ ಕೆದಕಿದರೆ ಆ ಮುಖದಲ್ಲಿ ನಗು ಕಾಣುವುದಿಲ್ಲ.

ಮೂರನೇ ವರ್ಷ ಅವಳ ಗುಂಡುಗಳು ಚೆದುರಿದವು. ನಾಲ್ಕು ಒಂದೇ ಕಡೆ, ಐದನೆಯದು ಎಲ್ಲಿಗೋ. ಮರುದಿನ ಎರಡು ಎಲ್ಲಿಗೋ. ಕೋಚ್ ಪ್ರಧಾನ್ ಸರ್ ಮನಸ್ಸಿನ ವಿಷಯ ತೆಗೆದರು, ನಿದ್ದೆ, ಊಟ, ಪರೀಕ್ಷೆಯ ಚಿಂತೆ. ಅವಳು ಒಂದೇ ಮಾತು ಹಿಡಿದಳು, ತಪ್ಪು ತನ್ನ ಕೈಯದಲ್ಲ ಎಂದು.

"ಸರ್, ಗನ್ ಚೆಕ್ ಮಾಡ್ಸಿ. ನನ್ನ ಹಾಥ್ ಅಲ್ಲ ಇದು."

ಪ್ರಧಾನ್ ಸರ್ ತಾವೇ ಏಳನೇ ನಂಬರಿನಲ್ಲಿ ಐದು ಹೊಡೆದು ನೋಡಿದರು. ಅವರ ಗುಂಡುಗಳು ಯಾವ ಗನ್ನಿನಲ್ಲೂ ಚೆದುರುತ್ತಿದ್ದವು, ಆದ್ದರಿಂದ ಏನೂ ತಿಳಿಯಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು. "ಬಸುಭಾಯ್, ಬ್ಯಾರಲ್ ಓಕೆ ಹೈ ನಾ?"

ವರ್ಕ್‌ಶಾಪಿನ ಮೂಲೆಯಲ್ಲಿ ಒಂದು ಭಾರಿ ಹಿಡಿಕೆ, ಬೆಂಚ್ ವೈಸ್‌ನಂಥದ್ದು, ಇತ್ತು. ರೈಫಲ್ಲನ್ನು ಅದರಲ್ಲಿ ಬಿಗಿದು, ಮನುಷ್ಯನ ಕೈ ಸೋಂಕದಂತೆ ಹೊಡೆದರೆ ದೋಷ ಗನ್ನಿನದೋ ಕೈಯದೋ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಅದರ ಮೇಲೆ ನಾವು ಚಹಾದ ಫ್ಲಾಸ್ಕ್ ಇಡುತ್ತಿದ್ದೆವು. ನಾನು ಫ್ಲಾಸ್ಕ್ ತೆಗೆಯಲಿಲ್ಲ. ನಾನು ತಿಕ್ಕಿದ ನಳಿಗೆಯನ್ನು ಪರೀಕ್ಷೆಗೆ ಹಾಕುವುದೆಂದರೆ ನನ್ನನ್ನೇ ಹಾಕಿದಂತೆ ಎನಿಸಿತು. ಫಾರಂ ತೆಗೆದುಕೊಂಡು ಬರೆದೆ: ರೈಫಲ್ ನಂಬರು ಏಳು. ನಳಿಗೆ: ಚೆನ್ನಾಗಿದೆ. ಸಹಿ ಹಾಕಿದೆ.

ರಾಜ್ಯ ತಂಡದ ಆಯ್ಕೆಯ ದಿನ ಬೆಳಿಗ್ಗೆ ಏಳನೇ ನಂಬರನ್ನು ಬಿಳಿ ಚಿಂದಿ ಬರುವ ತನಕ ತಿಕ್ಕಿ ಅವಳ ಕೈಗೆ ಕೊಟ್ಟೆ. ತಾಲೀಮಿನ ಗುಂಡುಗಳೇ ಎತ್ತೆತ್ತಲೋ ಹೋದವು. ಅವಳು ದುರ್ಬೀನಿನಲ್ಲಿ ನೋಡಿದಳು, ತನ್ನ ಕೈ ನೋಡಿಕೊಂಡಳು. ಮತ್ತೆ ಹೊಡೆದಳು, ಮತ್ತೆ ಕೈ ನೋಡಿಕೊಂಡಳು. ಅದೊಂದು ನನ್ನ ಕಣ್ಣಲ್ಲಿ ಉಳಿದಿದೆ. ಗನ್ನಿನ ಮೇಲಿನ ಅನುಮಾನ ಅವಳ ಕೈಯ ಮೇಲೆ ಬಂದು ಕೂತದ್ದು ಆ ಬೆಳಿಗ್ಗೆ.

ಅವಳು ಆಯ್ಕೆಯಾಗಲಿಲ್ಲ. ವಾರದ ನಂತರ ಶೆಟ್ಟರು ಹೋಟೆಲಿನ ಅಂಗಿಯಲ್ಲೇ ಬಂದರು.

"ಮಾಸ್ಟ್ರೇ, ನೀವು ಒಂದು ಮಾತು ಹೇಳಿ. ಇವಳು ಗನ್ನೇ ಸರಿ ಇಲ್ಲ ಹೇಳ್ತಾಳೆ. ಹೌದಾ?"

"ಗನ್ ಸರಿ ಅದ ರೀ ಶೆಟ್ರ. ನಾ ಬರದು ಕೊಟ್ಟೀನಲ್ಲ."

"ಹಾಗಾದ್ರೆ ಮುಗೀತು. ನಿಮ್ಮ ಮಾತು ಅಂದ್ರೆ ಮಾತು. ಮಗು, ಕೇಳಿದ್ಯಲ್ಲ?"

ಅವಳು ಬಾಗಿಲಲ್ಲಿ ನಿಂತಿದ್ದಳು. ಕೇಳಿದಳು. ಮರಳಿ ಕ್ಲಬ್ಬಿಗೆ ಬರಲಿಲ್ಲ.

*

ಆರು ವರ್ಷ ಕಳೆಯಿತು. ನಾನು ನಿವೃತ್ತನಾಗಲು ಕೆಲವು ತಿಂಗಳಿದ್ದವು. ಒಂದು ಮಧ್ಯಾಹ್ನ ಸೊರಾಬ್ ವಕೀಲರು ಹೊಸ ಆಟಿಕೆಯೊಂದನ್ನು ತಂದರು. ಪೆನ್ಸಿಲಿಗಿಂತ ಸಪೂರವಾದ ಕೊಳವೆ, ತುದಿಯಲ್ಲಿ ದೀಪ ಮತ್ತು ಕ್ಯಾಮೆರಾ. ನಳಿಗೆಯೊಳಗೆ ಇಳಿಸಿದರೆ ಮೊಬೈಲಿನಲ್ಲಿ ಚಿತ್ರ.

"ಬಸುಭಾಯ್, ಇಧರ್ ಆ. ದೇಖ್ ಮೇರಾ ಗಟರ್!"

ಬಾ, ನನ್ನ ಚರಂಡಿ ನೋಡು. ಅವರ ನಳಿಗೆಯೊಳಗೆ ಮಸಿ ಇತ್ತು, ಅಲ್ಲಲ್ಲಿ ಸೀಸದ ಲೇಪ, ತೋಟಾ ಕೂರುವ ಕಡೆ ಕರಿ ಉಂಗುರ. ಕ್ಯಾಮೆರಾ ಮೆಲ್ಲನೆ ಮುಂದೆ ಹೋಗಿ ಬಾಯಿ ತಲುಪಿತು. ನಳಿಗೆಯ ಒಳಗೆ ಗುಂಡನ್ನು ತಿರುಗಿಸುವ ಏಣುಗೆರೆಗಳಿರುತ್ತವೆ. ಅವು ಬಾಯಿಯ ಅಂಚಿನಲ್ಲಿ ಬ್ಲೇಡಿನಷ್ಟು ಚೂಪಾಗಿ, ಸುತ್ತಲೂ ಸಮನಾಗಿ ನಿಂತಿದ್ದವು. ಕಾರ್ಖಾನೆಯಿಂದ ಬಂದ ದಿನ ಹೇಗಿದ್ದವೋ ಹಾಗೆ.

"ಅಬ್ ತೇರಾ ಆಯಿನಾ ದಿಖಾ," ಎಂದು ಕಣ್ಣು ಹೊಡೆದರು. ನಿನ್ನ ಕನ್ನಡಿ ತೋರಿಸು.

ನಾನು ಹೆಮ್ಮೆಯಿಂದಲೇ ಏಳನೇ ನಂಬರು ತಂದೆ. ಒಳಗೆಲ್ಲ ಬೆಳ್ಳಿ. ವಕೀಲರು "ವಾಹ್" ಎಂದರು. ಕ್ಯಾಮೆರಾ ಬಾಯಿಗೆ ಬಂತು. "ವಾಹ್" ಅರ್ಧಕ್ಕೆ ನಿಂತಿತು.

ಗುಂಡಗಿರಬೇಕಾದ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಒಂದು ಬದಿಯಲ್ಲಿ ಏಣುಗೆರೆಗಳೇ ಇರಲಿಲ್ಲ. ಹಗ್ಗ ಎಳೆದೆಳೆದು ಬಾವಿಯ ಕಟ್ಟೆ ಸವೆಯುತ್ತದಲ್ಲ, ಹಾಗೆ ಸವೆದಿತ್ತು. ಗುಂಡು ನಳಿಗೆಯನ್ನು ಕೊನೆಗೆ ಮುಟ್ಟುವ ಜಾಗ ಅದು. ಅಲ್ಲಿ ಒಂದು ಕಡೆ ಸಂದು ಬಿಟ್ಟರೆ ಹಿಂದಿನಿಂದ ನುಗ್ಗುವ ಹೊಗೆ ಗುಂಡಿಗೆ ಪಕ್ಕದಿಂದ ಗುದ್ದು ಕೊಡುತ್ತದೆ. ಉಳಿದ ನಳಿಗೆ ಬೆಳ್ಳಿಯಾಗಿರಲಿ ಬಂಗಾರವಾಗಿರಲಿ, ಗುಂಡು ಹೋದದ್ದೇ ದಾರಿ.

"ಅರೇ ಬಾವಾ," ಎಂದರು ವಕೀಲರು, ದನಿ ತಗ್ಗಿಸಿ. "ಯೇ ಕಿಸ್‌ನೇ ಕಿಯಾ?"

ಯಾರು ಮಾಡಿದ್ದು? ಐದನೇ ನಂಬರನ್ನು ತಂದೆ. ಅದೇ ಸವೆತ, ಸ್ವಲ್ಪ ಕಡಿಮೆ. ಒಂಬತ್ತು, ಹನ್ನೆರಡು, ಒಂದು, ಕೊನೆಗೆ ಹದಿನಾರೂ. ರ‍್ಯಾಕಿನಲ್ಲಿ ನಿಂತಾಗ ಯಾವ ಬದಿ ನನ್ನ ಎದೆಯ ಕಡೆಗಿರುತ್ತದೋ, ಎಲ್ಲದರಲ್ಲೂ ಆ ಬದಿಯೇ ಸವೆದಿತ್ತು. ಸರಳನ್ನು ಎಳೆಯುವಾಗ ನನ್ನ ಕಡೆಗೆ ವಾಲಿಸಿ ಎಳೆಯುವುದು ನನ್ನ ರೂಢಿ. ಪರದೆಯ ಮೇಲಿದ್ದದ್ದು ನನ್ನ ಬಲಗೈ. ಹದಿನಾರು ಸಲ ಸಹಿ ಹಾಕಿದ ಹಾಗೆ ನನ್ನ ಬಲಗೈ. ಗುಂಡುಗಳಿಂದ ಏನೂ ಆಗಿರಲಿಲ್ಲ. ಸರಳು, ಪಾಲಿಶು, ಬಿಳಿ ಚಿಂದಿ, ಇವೇ ತಿಂದಿದ್ದವು. ಎಲ್ಲಕ್ಕಿಂತ ಹೆಚ್ಚು ಸವೆದದ್ದು ನಾನು ಎಲ್ಲಕ್ಕಿಂತ ಹೆಚ್ಚು ಪ್ರೀತಿಸಿದ ಏಳನೇ ನಂಬರು.

ಮರುದಿನ ಹಿಡಿಕೆಯ ಮೇಲಿನ ಫ್ಲಾಸ್ಕ್ ತೆಗೆದೆ. ಅದರ ಕೆಳಗೆ ಚಹಾದ ಉಂಗುರಗಳು ಒಂದರ ಮೇಲೊಂದು ಒಣಗಿದ್ದವು. ಏಳನೇ ನಂಬರನ್ನು ಬಿಗಿದು ಐದು ಗುಂಡು ಹೊಡೆದೆ. ನಾಲ್ಕು ಒಂದೇ ಕಡೆ. ಐದನೆಯದು ಎಲ್ಲಿಗೋ. ಹಿಡಿಕೆಗೆ ನಿದ್ದೆಗೇಡಿಲ್ಲ, ಪರೀಕ್ಷೆಯ ಚಿಂತೆಯಿಲ್ಲ.

ಅಕ್ಷತಾಳ ಹಳೆಯ ಕಾಗದವೇ ಎದುರಿಗೆ ತೂಗುತ್ತಿದ್ದ ಹಾಗಿತ್ತು.

ಸಮಿತಿಯ ಕಾರ್ಯದರ್ಶಿಗೆ ಹೋಗಿ ಹೇಳಿದೆ. ಅವರು ಚಿತ್ರ ನೋಡಿ ಬೆಚ್ಚಿದರು, ಆಮೇಲೆ ಸಮಾಧಾನ ಮಾಡಿಕೊಂಡರು. "ಹಳೇ ವಿಷಯ, ಬಸುಭಾಯ್. ರಿಟೈರ್ ಆಗ್ತಿದ್ದೀರಿ. ಶಾಲು ಹೊದಿಸಿಕೊಂಡು ಹೋಗಿ," ಎಂದು ಹಿಂದಿಯಲ್ಲಿ ಹೇಳಿದರು. ಶಾಲು ಹೊದಿಸಿದರು. ಹೊದಿಸಿಕೊಂಡೆ. ಇದನ್ನು ಬರೆಯದೆ ಬಿಡಬಹುದಿತ್ತು.

*

ರಿಪೇರಿ ಕಷ್ಟವೇನಲ್ಲ. ಸವೆದ ಬಾಯಿಯನ್ನು ಒಂದಿಷ್ಟು ಕತ್ತರಿಸಿ, ಹೊಸ ಅಂಚನ್ನು ಲೇತಿನಲ್ಲಿ ಸಮನಾಗಿ ಕಡೆದರೆ ನಳಿಗೆ ಮತ್ತೆ ಹುಟ್ಟುತ್ತದೆ. ಹೋಗುವ ಮುನ್ನ ಕ್ಲಬ್ಬಿನ ಲೇತಿನಲ್ಲಿ ಏಳನೇ ನಂಬರಿನ ಬಾಯಿಯನ್ನು ನಾನೇ ಕಡೆದೆ. ಮೂವತ್ತೊಂದು ವರ್ಷದಲ್ಲಿ ಆ ಗನ್ನಿಗೆ ನಾನು ಮಾಡಿದ ಮೊದಲ ಉಪಕಾರ. ಕತ್ತರಿಸಿದ ತುಂಡು, ಹೆಬ್ಬೆರಳಗಲದ ಉಕ್ಕಿನ ಬಳೆ, ಕಿಸೆಗೆ ಹಾಕಿಕೊಂಡು ಒಂದು ಭಾನುವಾರ ಘಾಟ್ಕೋಪರ್‌ಗೆ ಹೋದೆ. ಬರುವುದಾಗಿ ಫೋನು ಮಾಡಿದ್ದೆ, ಯಾಕೆಂದು ಹೇಳಿರಲಿಲ್ಲ.

ಶೆಟ್ಟರ ಮನೆ ಮೂರನೇ ಮಾಳಿಗೆ. ಅಕ್ಷತಾಳೇ ಬಾಗಿಲು ತೆರೆದಳು. ಈಗ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ.

"ಕೋರ್ಸು ಮಾಡಿದ್ದು ರಕ್ತ ತೆಗೆಯೋದಕ್ಕೆ," ಎಂದರು ಶೆಟ್ಟರು, ಚಹಾ ಕೊಡುತ್ತಾ. "ಆದ್ರೆ ಇವಳು ಸೂಜಿ ಮುಟ್ಟುವುದೇ ಇಲ್ಲ ಮಾರಾಯ್ರೆ. ಹೊರಗೆ ಕೂತು ಹೆಸರು ಟೈಪ್ ಮಾಡುದು. ಕೈ ನಡುಗ್ತದೆ ಅಂತ ಹೇಳ್ತಾಳೆ. ಡಾಕ್ಟ್ರು ಏನಿಲ್ಲ ಹೇಳಿದ್ರು."

"ಅಪ್ಪಾ, ಬಸ್."

"ಬಸ್ ಎಂತದು? ಇವರಿಗೆ ಗೊತ್ತುಂಟಲ್ಲ, ಆಯ್ಕೆಯ ದಿನವೇ ಶುರುವಾದದ್ದು."

ನಾನು ಬಳೆಯನ್ನು ಮೇಜಿನ ಮೇಲಿಟ್ಟೆ. ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ಹೇಗೆ ಹೇಳಬೇಕೆಂದು ಲೋಕಲಿನಲ್ಲಿ ಕೂತು ವಾಕ್ಯ ಜೋಡಿಸಿಕೊಂಡಿದ್ದೆ, ಒಂದೂ ಬರಲಿಲ್ಲ. "ಶೆಟ್ರ, ಗನ್ ಸರಿ ಇರ್ಲಿಲ್ರಿ. ನಾನ ಕೆಡಿಸಿದ್ದು. ತಿಕ್ಕಿ ತಿಕ್ಕಿ," ಎಂದಷ್ಟೇ ಅಂದೆ.

ಶೆಟ್ಟರಿಗೆ ಏಣುಗೆರೆ, ಹೊಗೆ, ಗುದ್ದು ಇವೆಲ್ಲ ತಲೆಗೆ ಹತ್ತಲಿಲ್ಲ. ಆಯ್ಕೆಯ ದಿನ ಮೊದಲ ಗುಂಡುಗಳೇ ದಾರಿ ತಪ್ಪಿದ್ದು ಯಾಕೆಂದು ಕೇಳಿದರು. ನಳಿಗೆಗೆ ಸ್ವಲ್ಪ ಮಸಿ, ಸ್ವಲ್ಪ ಜಿಡ್ಡು ಬೇಕು, ಪೂರ್ತಿ ಬೋಳು ಮಾಡಿದರೆ ಮತ್ತೆ ಹದಕ್ಕೆ ಬರಲು ಕೆಲವು ಗುಂಡು ಹಿಡಿಯುತ್ತದೆ, ನಾನು ಆಯ್ಕೆಯ ದಿನ ಬೆಳಿಗ್ಗೆ ಬೋಳು ಮಾಡಿ ಕೊಟ್ಟಿದ್ದೆ ಎಂದೆ.

ಅವರು ಕಪ್ಪು ಕೆಳಗಿಟ್ಟರು.

"ದೋಸೆ ಕಾವಲಿ."

"ಏನ್ರಿ?"

"ದೋಸೆ ಕಾವಲಿಯನ್ನು ತಿಕ್ಕಿ ಬಿಳಿ ಮಾಡಿದ್ರೆ ದೋಸೆ ಏಳ್ತದಾ? ಹರಿದು ಚಿಂದಿ ಆಗ್ತದೆ. ನಮ್ಮ ಹೋಟೆಲಿನಲ್ಲಿ ಯಾರಾದ್ರೂ ಕಾವಲಿಗೆ ಪುಡಿ ಹಾಕಿ ತಿಕ್ಕಿದ್ರೆ ಭಟ್ರು ಅಟ್ಟಿಸಿಕೊಂಡು ಬರ್ತಾರೆ." ಅವರ ದನಿ ಏರಿತು. "ಇಷ್ಟು ಗೊತ್ತಿಲ್ವಾ ನಿಮಗೆ? ಮೂವತ್ತು ವರ್ಷದಲ್ಲಿ?"

ಗೊತ್ತಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಆಗ ಶೆಟ್ಟರು ಮಗಳ ಕಡೆ ತಿರುಗಿದರು. "ನಾನು ಇವರ ಮಾತು ಕೇಳಿದೆ ಮಗಾ. ನಿನ್ನದು ಕೇಳಲಿಲ್ಲ."

ಅಕ್ಷತಾ ಬಳೆಯನ್ನು ಎತ್ತಿ, ಸವೆದ ಬದಿಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದಳು. ಆಡಿಸುತ್ತಲೇ ಕೇಳಿದಳು.

"ಅಂಕಲ್, ಅವತ್ತು ಫಾರಂ ಬರೆಯೋಕೆ ಮೊದ್ಲು ಒಳಗೆ ನೋಡಿದ್ರಾ? ಸಚ್ ಹೇಳಿ."

ನೋಡಿದ ನೆನಪು ನನಗಿತ್ತು. ನಳಿಗೆಯನ್ನು ಕಿಟಕಿಯ ಕಡೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ್ದು, ಒಳಗೆ ಬೆಳ್ಳಿಯ ಉಂಗುರಗಳು ಹೊಳೆದದ್ದು. ಆರು ವರ್ಷ ಆ ಚಿತ್ರವನ್ನೇ ನಂಬಿದ್ದೆ. ಅವಳೆದುರು ಕೂತು ಕೆದಕಿದೆ. ಆ ಕಿಟಕಿಯಲ್ಲಿ ಮಳೆಯಿತ್ತು. ಫಾರಂ ಬರೆದದ್ದೂ ಆಯ್ಕೆ ನಡೆದದ್ದೂ ಬೇಸಿಗೆಯಲ್ಲಿ. ಹೊಳಪು ಬೇರೆ ಯಾವುದೋ ದಿನದ್ದು, ನೂರು ದಿನಗಳದ್ದು. ಫಾರಂ ಬರೆದ ದಿನದಲ್ಲಿ ಒಂದು ಪೆನ್ನು, ಒಂದು ಸಹಿ, ಚಹಾದ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

"ಇಲ್ಲವ್ವಾ," ಎಂದೆ. "ನೋಡಲಿಲ್ಲ."

ಅವಳು ತಲೆಯಾಡಿಸಿದಳು, ಮೊದಲೇ ಗೊತ್ತಿತ್ತು ಎನ್ನುವ ಹಾಗೆ.

"ಹಾಗಾದ್ರೆ ಈಗ ಬರೆದು ಕೊಡಿ. ಅದೇ ಥರ. ಸಹಿ ಹಾಕಿ. ಕನ್ನಡದಲ್ಲಿ ಬರೀರಿ, ಅಪ್ಪ ಓದ್ತಾರೆ. ಆಮೇಲೆ ಕ್ಲಬ್ಬಲ್ಲೂ ಎಲ್ರೂ ಓದ್ಲಿ."

"ಈಗ್ಲೇ ಬರೀತೀನಿ. ಕಾಗದ ಕೊಡು."

ಕೊಡಲು ಎದ್ದಳು. ನಾನೇ ತಡೆದೆ. "ಬ್ಯಾಡ. ನೋಡದ ಬರಿಯೂದು ಒಮ್ಮೆ ಮಾಡೀನಿ. ಗನ್ನಿಂದು ಬರೀಬಲ್ಲೆ. ಕೈಯಿಂದು ನೋಡದ ಹ್ಯಾಂಗ ಬರೀಲಿ? ಕ್ಲಬ್ಬಿಗೆ ಬಂದು ಐದು ಗುಂಡು ಹೊಡಿ."

ಅವಳು ಬಲಗೈಯನ್ನು ಸೆರಗಿನೊಳಗೆ, ಅಲ್ಲ, ದುಪಟ್ಟಾದೊಳಗೆ ಎಳೆದುಕೊಂಡಳು. "ಮೈಂ ನಹೀ ಆವೂಂಗಿ," ಎಂದಳು. ಬರುವುದಿಲ್ಲ.

*

ಮೂರು ಭಾನುವಾರ ಬರಲಿಲ್ಲ. ನಾಲ್ಕನೆಯದಕ್ಕೆ ಬಂದಳು, ಶೆಟ್ಟರ ಜೊತೆ. ಸೊರಾಬ್ ವಕೀಲರು ತಮ್ಮ ಅತಿಥಿಗಳೆಂದು ಒಳಗೆ ಬರೆಸಿದರು. ಹೊಸ ಆರ್ಮರರ್ ಏಳನೇ ನಂಬರು ಕೊಟ್ಟ, ನಾನು ಮುಟ್ಟಲಿಲ್ಲ. ಹಿಂದಿನ ಮಸಿ ಹಾಗೇ ಇರಲಿ ಎಂದು ಮೊದಲೇ ಹೇಳಿಟ್ಟಿದ್ದೆ.

ಮಲಗಿ ಗುರಿ ಹಿಡಿದಳು. ಬಹಳ ಹೊತ್ತು ಹೊಡೆಯಲಿಲ್ಲ. ಶೆಟ್ಟರು ನನ್ನ ತೋಳು ಹಿಡಿದುಕೊಂಡಿದ್ದರು, ಉಗುರು ಚುಚ್ಚುತ್ತಿತ್ತು. ಮೊದಲನೆಯದು ಎಡಕ್ಕೆ. ಎರಡನೆಯದು ಅದರ ಪಕ್ಕ. ಅವಳು ಕೈ ನೋಡಿಕೊಳ್ಳಲು ತಲೆ ತಿರುಗಿಸಿದಳು, ಅರ್ಧಕ್ಕೆ ನಿಲ್ಲಿಸಿ ಮತ್ತೆ ಗುರಿಗೆ ಮುಖ ಇಟ್ಟಳು. ಮೂರು, ನಾಲ್ಕು, ಐದು.

ಕಾಗದ ಹತ್ತಿರ ಬಂತು. ಒಂದೇ ತೂತಲ್ಲ, ಆ ಸುಳ್ಳು ಬರೆಯುವುದಿಲ್ಲ. ಆರು ವರ್ಷ ಗನ್ನು ಮುಟ್ಟದವಳು. ಐದೂ ಗುಂಡು ಒಂದು ಐದು ರೂಪಾಯಿ ನಾಣ್ಯದೊಳಗೆ ಮುಚ್ಚಿಹೋಗುವಷ್ಟು ಹತ್ತಿರ ಇದ್ದವು. ಎಲ್ಲಿಗೋ ಹೋದದ್ದು ಒಂದೂ ಇಲ್ಲ. ವಕೀಲರು ನಳಿಗೆಯ ಮೇಲೆ ಒಂದು ರೂಪಾಯಿ ಇಟ್ಟು "ಖಾಲಿ ಮಾರ್" ಎಂದರು. ಗುಂಡಿಲ್ಲದೆ ಟ್ರಿಗರ್ ಎಳೆದಳು. ನಾವು ಮೂವರೂ ಬಗ್ಗಿ ನೋಡಿದೆವು.

ಹೊಸದಾಗಿ ಸೇರುವವರೇ, ನಳಿಗೆಯನ್ನು ಹಿಂಬದಿಯಿಂದಲೇ ಶುಚಿ ಮಾಡಿ. ಸರಳು ಬಾಯಿಯ ಅಂಚಿಗೆ ತಾಗದಿರಲಿ. ಸಾಕೆನಿಸಿದಾಗ ನಿಲ್ಲಿಸಿ, ಚಿಂದಿ ಬೂದಿ ಬಣ್ಣದಲ್ಲಿ ಬರಲಿ. ಯಾರಾದರೂ ಗನ್ನಿನ ಮೇಲೆ ದೂರು ತಂದರೆ ಹಿಡಿಕೆಯ ಮೇಲಿನ ಫ್ಲಾಸ್ಕ್ ತೆಗೆಯಿರಿ. ಇನ್ನು ನಾನು ಕೊಡಬೇಕಾದ ಕಾಗದ:

ರೈಫಲ್ ನಂಬರು ಏಳು. ಅಕ್ಷತಾ ಶೆಟ್ಟಿ ಆಯ್ಕೆಗೆ ಹೋದ ದಿನ ಇದರ ನಳಿಗೆ ಕೆಟ್ಟಿತ್ತು. ಕೆಡಿಸಿದವನು ಕೆಳಗೆ ಸಹಿ ಮಾಡಿದವನು. ಅದಕ್ಕೆ ಮುನ್ನ ಚೆನ್ನಾಗಿದೆ ಎಂದು ಬರೆದದ್ದು ನೋಡದೆ ಬರೆದದ್ದು.

ಕೈ: ಚೆನ್ನಾಗಿದೆ. ನಾಣ್ಯ ಅಲ್ಲಾಡಲಿಲ್ಲ. ಇದನ್ನು ನೋಡಿ ಬರೆದಿದ್ದೇನೆ.

ಬಸವರಾಜ, ನಿವೃತ್ತ ಆರ್ಮರರ್